ಟೇಪಿನ ಇನ್ನೊಂದು ತುದಿ

ಇಂದ,
ವರ್ಲಿನ್ ಸ್ಟ್ರೌಡ್, ತಮ್ಮ ಒಬ್ಬನೇ ಅಳಿಯ,
ಕಾಟನ್‌ವುಡ್ ಹಳ್ಳದ ರಸ್ತೆ, ಎಡಗಡೆಯ ಮನೆ, ಮೊಂಟಾನಾ.

ಗೆ,
ಶ್ರೀಯುತ ಓರಿನ್ ಹ್ಯಾಸ್ಕೆಟ್ ಅವರು,
ಕೌಂಟಿ ರಸ್ತೆ ಗ್ಯಾರೇಜಿನ ನಿವೃತ್ತ ಹೆಡ್ ಮೆಕ್ಯಾನಿಕ್,
ಅದೇ ರಸ್ತೆ, ಬಲಗಡೆಯ ಮನೆ.

ವಿಷಯ: ಎತ್ತರಿಸಿದ ಟ್ರಕ್ಕಿನ ಬಲಗಡೆಯ ವೀಲ್‌ಬೇಸ್ ಅಳೆಯಲು ಟೇಪಿನ ಇನ್ನೊಂದು ತುದಿ ಹಿಡಿದುಕೊಡುವ ಕುರಿತು.

ಉಲ್ಲೇಖ:
1. ನವೆಂಬರ್ 2ರ ತಮ್ಮ ಮೌಖಿಕ ಆದೇಶ: "ಎರಡೂ ಕಡೆ ಟೇಪ್ ಹಿಡಿ."
2. ಅದೇ ದಿನದ ನನ್ನ ಮೌಖಿಕ ಅಧಿಕಪ್ರಸಂಗ.
3. ನಿನ್ನೆ ತಿಂಡಿಯ ಹೊತ್ತಿಗೆ ತಮ್ಮ ಮಗಳು ಮಾರ್ಲಾ ಹೊರಡಿಸಿದ ಕಟ್ಟಾಜ್ಞೆ.

ಮಾನ್ಯರೇ,

ರಸ್ತೆ ದಾಟಿ ಬಾಯಲ್ಲೇ ಹೇಳಬಹುದಾದದ್ದನ್ನು ಕಾಗದದ ಮೇಲೆ ಬರೆಯುತ್ತಿರುವುದು ಅತ್ತೆಯವರ ಸಲಹೆಯ ಮೇರೆಗೆ. "ನಿಮ್ಮ ಮಾವ ಮೂವತ್ತೊಂದು ವರ್ಷ ಫಾರಂ ಇಲ್ದೆ ಒಂದು ನಟ್ಟೂ ಕೊಟ್ಟೋರಲ್ಲ ಕಣಪ್ಪಾ. ಬರ್ಕೊಂಡ್ ಬಾ," ಎಂದರು. ಕಾರಣ ಈ ಅರ್ಜಿ.

1. ಕಳೆದ ಜನವರಿಯಲ್ಲಿ ನನ್ನ ಪಿಕಪ್ ಟ್ರಕ್ಕು ತಗ್ಗಿನ ಹಿಮದಲ್ಲಿ ಹೂತು, ತಾವೇ ಟ್ರ್ಯಾಕ್ಟರಿನಿಂದ ಎಳೆದದ್ದು ಸರಿಯಷ್ಟೆ. ಈ ಸಲ ಮಾರ್ಲಾಗೆ ಹೆರಿಗೆಗೆ ಮೂರು ವಾರ ಇದೆ, ಆಸ್ಪತ್ರೆಗೆ ಐವತ್ತೆಂಟು ಮೈಲಿ ಇದೆ. ಆದ್ದರಿಂದ ಟ್ರಕ್ಕನ್ನು ನಾಲ್ಕು ಇಂಚು ಎತ್ತರಿಸಲು ತೀರ್ಮಾನಿಸಲಾಯಿತು.

2. ನವೆಂಬರ್ 2ರಂದು ತಾವು ಹಿತ್ತಾಳೆಯ ತೂಗುಗುಂಡು, ಟೇಪು ಹಿಡಿದು ಬಂದಿರಿ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗಿರುವ ಅಂತರ, ಅಂದರೆ ವೀಲ್‌ಬೇಸ್, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಇರಬೇಕು ಎಂದಿರಿ. ಆಗ ನಾನು ಆಡಿದ ಮಾತನ್ನು ಮುಚ್ಚುಮರೆಯಿಲ್ಲದೆ ನಮೂದಿಸುತ್ತಿದ್ದೇನೆ: "ಇದು ನಿಮ್ ಕಾಲದ ಗಾಡಿ ಅಲ್ಲ ಮಾವ. ಎಡಗಡೆ ಸರಿ ಇದ್ರೆ ಬಲಗಡೆನೂ ಸರಿನೇ. ನಾನು ವಿಡಿಯೋ ನೋಡಿದೀನಿ. ನೀವು ಒಳಗೋಗಿ ಕಾಫಿ ಕುಡೀರಿ."

ತಾವು, "ಕಾಫಿ ನಮ್ಮನೇಲೂ ಇದೆ, ಅಳಿಯಂದಿರೇ," ಎಂದು ಹೊರಟವರು ಹತ್ತೊಂಬತ್ತು ದಿನದಿಂದ ರಸ್ತೆ ದಾಟಿಲ್ಲ.

3. ಎಡಗಡೆ ನೂರಾಮೂವತ್ತೊಂಬತ್ತೂವರೆ ಇಂಚು. ಕರಾರುವಾಕ್ಕು. ಆಗಿನ್ನೂ ಬಗ್ಗುತ್ತಿದ್ದ ಮಾರ್ಲಾ ತುದಿ ಹಿಡಿದಳು, ಅದನ್ನೇ ಎರಡು ಸಲ ಅಳೆದು ಸಂತೋಷಪಟ್ಟೆ.

4. ಅಲ್ಲಿಂದೀಚೆಗೆ ಟ್ರಕ್ಕು ಅಂಚೆ ಕಚೇರಿಗೆ ಹೊರಟರೆ ಮೂತಿಯನ್ನು ಚರ್ಚಿನ ಕಡೆ ತಿರುಗಿಸಿಕೊಂಡು ಏಡಿಯ ಹಾಗೆ ಹೋಗುತ್ತದೆ. ರಸ್ತೆಯೇ ವಾರೆ ಇದೆ ಎಂದು ಅತ್ತೆಯವರಿಗೆ ವಿವರಣೆ ಸಲ್ಲಿಸಿದೆ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ," ಎಂದು ಅವರು ಅದನ್ನು ತಿರಸ್ಕರಿಸಿದರು.

5. ನಿನ್ನೆ ಬೆಳಿಗ್ಗೆ ಮೊದಲ ಹಿಮ ಬಿತ್ತು. ನಾನು ಪೇಟೆಗೆ ಹೋಗಿ ಬಂದೆ. ಹಿಂದಿನ ಗಾಲಿಗಳ ಗುರುತು ಮುಂದಿನವುಗಳ ಮೇಲೆ ಬೀಳದೆ ಎರಡು ಬೆರಳು ಪಕ್ಕಕ್ಕೆ, ಮನೆಯವರೆಗೂ ಬಿದ್ದಿತ್ತು. ತಾವು ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಮುಚ್ಚಿದ್ದನ್ನು ನಾನು ನೋಡಿದೆ. ಮಾವಾ, ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

6. ಅದೇ ಗುರುತನ್ನು ಮಾರ್ಲಾ ಕೂಡ ನೋಡಿದಳು. ಪ್ಯಾನ್‌ಕೇಕ್ ತಟ್ಟೆ ಪಕ್ಕಕ್ಕಿಟ್ಟು, "ಅಪ್ಪ ಬಂದು ಎರಡೂ ಕಡೆ ಅಳೆದು ಸರಿ ಅನ್ನೋವರ್ಗೂ ನಾನು ಆ ಗಾಡಿ ಹತ್ತಲ್ಲ. ಬೇಕಾದ್ರೆ ಇಲ್ಲೇ, ಈ ಅಡುಗೆಮನೇಲೇ ಹೆರ್ತೀನಿ," ಎಂದಳು. ಹತ್ತಲು ಎತ್ತರ ಜಾಸ್ತಿಯಾಯಿತೇನೋ, ಗಾಡಿಗೆ ಮೆಟ್ಟಿಲು ಹಾಕಿಸುತ್ತೇನೆ ಎಂದೆ. "ಮಾಡಿದ್ದುಣ್ಣೋ ಮಹಾರಾಯ," ಎಂದಳು. ಬೇರೆ ಗಾಡಿ ನಮ್ಮಲ್ಲಿಲ್ಲ.

7. ಒಬ್ಬನೇ ಬಲಗಡೆ ಅಳೆಯಲು ಪ್ರಾಮಾಣಿಕ ಪ್ರಯತ್ನ ನಡೆದಿದೆ. ಮುಂದಿನ ಗಾಲಿಗೆ ಟೇಪಿನ ಕೊಕ್ಕೆ ಸಿಕ್ಕಿಸಿ ಹಿಂದಕ್ಕೆ ಹೋದರೆ, ಅದು ಸರಕ್ಕನೆ ಬಿಟ್ಟುಕೊಂಡು ಬಂದು ಬೆರಳಿಗೆ ಬಡಿಯುತ್ತದೆ. ಅಂಟುಪಟ್ಟಿ ಹಚ್ಚಿ ಮೂರು ಸಲ ಅಳೆದೆ, ಮೂರು ಲೆಕ್ಕ ಬಂತು. ಮಾರ್ಲಾಗೆ ಈಗ ಬಗ್ಗಲು ಆಗದು. ಬಿಸ್ಕತ್ತು ಎಂಬ ನಮ್ಮ ನಾಯಿಯ ಬಾಯಿಗೆ ತುದಿ ಕೊಟ್ಟಾಗ ಅದು ಟೇಪಿನ ಸಮೇತ ನಿಮ್ಮ ಅಂಗಳಕ್ಕೆ ಓಡಿ ಬಂತು. ಅದಕ್ಕಿದ್ದ ಬುದ್ಧಿ ನನಗಿರಲಿಲ್ಲ.

8. ಹಿಂದಿನ ಬಲಗಡೆ ಸ್ಪ್ರಿಂಗ್ ಪಟ್ಟಿಯ ನಡುವಿನ ಪಿನ್ನು ಅದರ ತೂತಿಗೆ ಸರಿಯಾಗಿ ಕೂತಿಲ್ಲ, ಹಿಂದಿನ ಎರಡು ಗಾಲಿ ಸೇರಿಸುವ ಆಕ್ಸಲ್ಲಿನ ಆ ತುದಿ ಮುಂದಕ್ಕೆ ಜರುಗಿದೆ ಎಂಬುದು ನನ್ನ ಊಹೆ. ಊಹೆ ಮಾತ್ರ. ಊಹೆಯ ಮೇಲೆ ನನ್ನ ಹೆಂಡತಿಯನ್ನೂ ಹುಟ್ಟಲಿರುವ ಮಗುವನ್ನೂ ಮಂಜುಗಟ್ಟಿದ ರಸ್ತೆಯಲ್ಲಿ ಕರೆದುಕೊಂಡು ಹೋಗಲು ನನಗೆ ಭಯವಾಗಿದೆ. ಇದನ್ನು ಮಾರ್ಲಾಗೆ ಹೇಳಿಲ್ಲ, ತಮಗೆ ಹೇಳುತ್ತಿದ್ದೇನೆ.

ಆದ್ದರಿಂದ, ಸದರಿ ಅಧಿಕಪ್ರಸಂಗವನ್ನು ಬೇಷರತ್ತಾಗಿ ಹಿಂತೆಗೆದುಕೊಂಡು, ವಿಡಿಯೋಗಿಂತ ಮಾವ ದೊಡ್ಡವರು ಎಂದು ಒಪ್ಪಿಕೊಂಡು, ತಾವು ದಯಮಾಡಿ ಬಂದು ಬಲಗಡೆಯ ಮುಂದಿನ ಗಾಲಿಯ ಹತ್ತಿರ ನಿಲ್ಲಬೇಕಾಗಿ ಕೋರುತ್ತೇನೆ. ಮಲಗಿ, ಜಾಕ್ ಹಾಕಿ, ಬೋಲ್ಟು ಬಿಚ್ಚುವ ಕೆಲಸವೆಲ್ಲ ನನ್ನದು. ಬೈಯುವ ಕೆಲಸ ತಮ್ಮದು.

ತಮ್ಮ ವಿಶ್ವಾಸಿ, ಈಗೀಗ ವಿಧೇಯನೂ ಹೌದು,
ವರ್ಲಿನ್

ಲಗತ್ತುಗಳು:
ಅ) ಅಳತೆಯ ಚೀಟಿ. ಎಡ: ತುಂಬಿದೆ. ಬಲ: ಖಾಲಿ.
ಆ) ಮಾರ್ಲಾ ಮಾಡಿದ ಆಪಲ್ ಪೈ. ಒಂದು ತುಂಡು ಕಡಿಮೆ ಇದೆ, ಅರ್ಜಿ ಬರೆಯುವಾಗ ಹಸಿವಾಯಿತು.
ಇ) ಇಪ್ಪತ್ತೈದು ಅಡಿಯ ಟೇಪು.

ಕೊನೆಯ ಕೋರಿಕೆ: ಉತ್ತರವನ್ನು ಅಂಚೆಯಲ್ಲಿ ಕಳಿಸಬೇಡಿ. ಲಗತ್ತು (ಇ)ರ ಒಂದು ತುದಿಯನ್ನು ತಮ್ಮ ಬಾಗಿಲ ಕೆಳಗಿನಿಂದ ಒಳಕ್ಕೆ ತೂರಿಸಿದ್ದೇನೆ. ಇನ್ನೊಂದು ತುದಿ ಹಿಡಿದು ತಮ್ಮ ಮೆಟ್ಟಿಲ ಮೇಲೆ ಕೂತಿದ್ದೇನೆ. ಚಳಿ ಬಹಳವಿದೆ. ಅರ್ಜಿ ಮಂಜೂರಾಗಿದ್ದರೆ ಒಂದು ಸಲ ಎಳೆಯಿರಿ.