ಎಮ್ಮೆಯ ಕೊಟ್ಟಿಗೆಗೆ ಕೆಂಪು ನೆಲ

ದೌಲತರಾಯ: ಕೆಂಪು ಅಂದ್ರ ಕೆಂಪು! ಹತ್ತು ಸಲ ಕೇಳಿದ್ರೂ ಕೆಂಪು!

ಗುರುಶಾಂತಮ್ಮ: ಹನ್ನೊಂದನೇ ಸಲ ಕೇಳ್ತೇನಿ. ಯಾಕ ಕೆಂಪು?

ದೌಲತರಾಯ: ಯಾಕ ಅಂದ್ರ... ಕೆಂಪು ಕೆಂಪಗ ಇರ್ತದ, ಅದಕ್ಕ.

ಆಳಂದದಲ್ಲಿ ಸೈಕಲ್ಲು ಹೊಡೆಯುವವರನ್ನು ಜನ ಬಾಗಿಲಿಗೆ ಬಂದು ನೋಡುತ್ತಿದ್ದ ಕಾಲ ಅದು. ತೊಗರಿ ಅಡತಿಯಲ್ಲಿ ಚೀಲ ಎಣಿಸಿ ಬೇಸತ್ತಿದ್ದ ದೌಲತರಾಯರಿಗೆ ಸೈಕಲ್ ರಿಪೇರಿಯ ಕಾರಖಾನೆ ತೆರೆಯುವ ಹುಚ್ಚು ಹಿಡಿದಿತ್ತು. ಅದಕ್ಕೆ ಸಿಕ್ಕ ಜಾಗ ಮನೆಯ ಮುಂದಿನ ಕೊಟ್ಟಿಗೆ. ಕೊಟ್ಟಿಗೆಯಲ್ಲಿದ್ದ ಎಮ್ಮೆ, ಅವರ ಹೆಂಡತಿ ಗುರುಶಾಂತಮ್ಮನವರಿಗೆ ಅತನೂರಿನ ತವರಿನವರು ಕೊಟ್ಟದ್ದು. ಈಗ ಅದನ್ನು ಎದುರಿನ ಬೇವಿನ ಗಿಡಕ್ಕೆ ಕಟ್ಟಿದ್ದರು. ತನ್ನ ಮನೆಗೆ ಯಾವ ಬಣ್ಣ ಬರುತ್ತದೋ ಎಂದು ಅದೂ ಮೆಲುಕು ಹಾಕುತ್ತ ನೋಡುತ್ತಿತ್ತು. ಒಳಗೆ ಗೌಂಡಿ ಲಾಡ್ಲೆಸಾಬ ಶಹಾಬಾದದ ಸಿಮೆಂಟಿನಿಂದ ನೆಲದ ಕೆಳಪದರ ಹಾಕಿ ಮುಗಿಸಿ, ಕರಣಿ ಹಿಡಿದುಕೊಂಡು ಗಂಡ ಹೆಂಡತಿಯ ಮುಖವನ್ನು ಸರದಿಯಂತೆ ನೋಡುತ್ತಿದ್ದ.

ಲಾಡ್ಲೆಸಾಬ: ಜರಾ ಜಲ್ದಿ ಮಾಡ್ರಿ ಸಾವ್ಕಾರ್ರ. ಕೆಳಗಿಂದು ಹಸಿ ಇದ್ದಾಗಲೇ ಮ್ಯಾಲಿನ ಪದರ ಕುಂದರಬೇಕು. ಸಿಮೆಂಟ ಯಾರ ಜಗಳಾ ಮುಗಿಯೂತನಕ ಕಾಯಂಗಿಲ್ಲ.

ದೌಲತರಾಯ: ಕೆಂಪ ಪುಡಿ ಕಲಸಪಾ, ಮುಗೀತು.

ಗುರುಶಾಂತಮ್ಮ: ಕಲಸಿದ್ರ ಕರಣಿ ಕಸಗೊಂತೇನಿ. ಲಾಡ್ಲೆಸಾಬ, ಕೆಂಪ ಬಿಟ್ಟು ಬ್ಯಾರೆ ಏನೇನವ ಹೇಳು.

ಲಾಡ್ಲೆಸಾಬ: ಭಾಳ ಅವ ಅವ್ವಾರ. ಹಸರ ಪುಡಿ ಅದ. ಕಲಸಿದ್ರ ನೆಲಾ ಗಿಣಿ ಹಂಗ ಕಾಣಸ್ತದ.

ದೌಲತರಾಯ: ಹಸರ ಬ್ಯಾಡ! ಎಮ್ಮಿ ಹುಲ್ಲಂತ ತಿಳದು ಒಳಗ ನುಗ್ತದ.

ಗುರುಶಾಂತಮ್ಮ: ಎಮ್ಮಿಗೆ ನಿಮಗಿಂತ ಜಾಸ್ತಿ ತಿಳೀತದ. ಹಳದಿ?

ದೌಲತರಾಯ: ಹಳದಿ ಹಾಕಿದ್ರ ಗಿರಾಕಿ ಬಂದು, ‘ಯಾರ ಲಗ್ನಾರಿ?’ ಅಂತ ಕೇಳ್ತಾರ.

ಗುರುಶಾಂತಮ್ಮ: ಬಿಳೇದು?

ದೌಲತರಾಯ: (ಹೌಹಾರಿ) ಬಿಳೇದಾ? ಬಿಳೇದರ ಮ್ಯಾಲ ಎಲ್ಲಾ ಕಾಣಸ್ತದಬೇ!

ಗುರುಶಾಂತಮ್ಮ: ಎಲ್ಲಾ ಅಂದ್ರ ಏನ್ರಿ?

ದೌಲತರಾಯ: ಅದ... ಎಣ್ಣಿ. ಸೈಕಲ್ಲಿಗೆ ಹಾಕೋ ಎಣ್ಣಿ.

ಗುರುಶಾಂತಮ್ಮ: ಬಿದ್ದದ್ದು ಕಾಣಿಸಿದ್ರ ಛಲೋನೇ ಆತಲ್ಲ. ಸೈಕಲ್ ಗಾಲ್ಯಾಗಿನ ಸಣ್ಣ ಸಣ್ಣ ಗುಂಡು ಬಿದ್ರ ಹೆಂಗ ಹುಡಕ್ತೀರಿ?

ದೌಲತರಾಯ: ಮೂಸಿ ನೋಡಿ ಹುಡಕ್ತೇನಿ. ನಿನಗ್ಯಾಕ ಆ ಚಿಂತಿ?

ಲಾಡ್ಲೆಸಾಬನಿಗೆ ತನ್ನ ವಿದ್ಯೆಯೆಲ್ಲ ವ್ಯರ್ಥವಾಗುತ್ತಿದೆ ಎನಿಸಿತು. ಎದ್ದು ಬಂದು ಇಬ್ಬರ ನಡುವೆ ನಿಂತ.

ಲಾಡ್ಲೆಸಾಬ: ಪುಡಿ ಕಲಸೋದೇ ಬ್ಯಾಡಂದ್ರ ಬಿಡ್ರಿ. ಸಾದಾ ನೆಲಾ ಹಾಕಿ, ಒಣಗಿದ ಮ್ಯಾಲ ಎಣ್ಣಿಬಣ್ಣ ಹಚ್ಚಬಹುದು. ಆದ್ರ ಸೈಕಲ್ ಎಳದಾಡಿದಂಗ ಉಳ್ಳಾಗಡ್ಡಿ ಸಿಪ್ಪಿ ಹಂಗ ಏಳ್ತದ, ಮೊದಲೇ ಹೇಳ್ತೇನಿ.

ದೌಲತರಾಯ: ಏಳಲಿ ಬಿಡು. ಎಣ್ಣಿಬಣ್ಣದಾಗ ಕೆಂಪು ಸಿಗ್ತದೇನು?

ಗುರುಶಾಂತಮ್ಮ: ರೀ!

ಲಾಡ್ಲೆಸಾಬ: ಇನ್ನೊಂದ ಅದ ತಡೀರಿ. ಶಾಯಿ ಮಾಡಾಕ ಹಾಕ್ತಾರಲ್ಲ, ಅನ್ನಭೇದಿ. ಅದನ್ನ ನೀರಾಗ ಕರಗಿಸಿ ಗಟ್ಟಿ ನೆಲಕ್ಕ ಬಳದ್ರ ನೆಲಾನೇ ಬಣ್ಣ ಕುಡೀತದ. ಸಿಪ್ಪಿ ಏಳೋ ಮಾತೇ ಇಲ್ಲ.

ದೌಲತರಾಯ: ಏನ ಬಣ್ಣ ಬರ್ತದ?

ಲಾಡ್ಲೆಸಾಬ: ಕಬ್ಬಿಣಕ್ಕ ಜಂಗ ಹಿಡದಂಗ ಕಂದ ಬಣ್ಣ ಬರ್ತದ. ಒಂದೇ ಸಮ ಬರಂಗಿಲ್ಲ, ಅದೊಂದ ಖೋಡಿ. ಅಲ್ಲಲ್ಲಿ ಕಲಿ ಬೀಳ್ತಾವ.

ದೌಲತರಾಯ: (ಕಣ್ಣರಳಿಸಿ) ಕಲಿ ಬೀಳ್ತಾವ? ತಾವಾಗೇ? ಮೂಲ್ಯಾಗೂ ಬೀಳ್ತಾವೇನು?

ಲಾಡ್ಲೆಸಾಬ: ಮೂಲ್ಯಾಗ ಇನ್ನಾ ಜಾಸ್ತಿ.

ದೌಲತರಾಯ: ಅದನ್ನ ಹಾಕು! ನೋಡಬೇ, ನನಗೇನ ಕೆಂಪಿನ ಹಟ ಇಲ್ಲ. ಮೂಲಿ ಮಾತ್ರ ಛಲೋತ್ನಾಗಿ ಕಲಿ ಆಗಬೇಕು.

ಗುರುಶಾಂತಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಅವರ ಗಂಡ ಬಣ್ಣ ನೋಡುವ ಮನುಷ್ಯರೇ ಅಲ್ಲ. ಸುತ್ತಿಕೊಂಡ ರುಮಾಲು ಯಾವ ಬಣ್ಣದ್ದು ಎಂದು ಕೇಳಿದರೆ ತಲೆಯಿಂದ ತೆಗೆದು ನೋಡಿ ಹೇಳುವವರು. ಅಂಥವರು ನೆಲದ ಮೂಲೆಯ ಕಲೆಗೆ ಇಷ್ಟು ಜೀವ ಬಿಡುತ್ತಾರೆಂದರೆ ಎಲ್ಲೋ ಏನೋ ಇರಲೇಬೇಕು.

ಗುರುಶಾಂತಮ್ಮ: ಹಸರ ಬ್ಯಾಡ, ಹಳದಿ ಬ್ಯಾಡ, ಬಿಳೇದು ಬ್ಯಾಡೇ ಬ್ಯಾಡ. ಕೆಂಪ ಆಗ್ತದ, ಕಂದ ಆಗ್ತದ, ಮೂಲ್ಯಾಗ ಕಲಿ ಬೇಕಾಗ್ಯಾದ. ರೀ, ಎಲಿ ಅಡಕಿ ತಂಬಾಕ ಜಗದು ಮೂಲ್ಯಾಗ ಉಗುಳಿದ್ರ ಯಾವ ಬಣ್ಣ ಬರ್ತದ್ರಿ?

ದೌಲತರಾಯ: ನನಗೇನ ಗೊತ್ತು? ನಾ ಬಿಟ್ಟು ಎಷ್ಟ ದಿನಾ ಆತು! ಮರತೇ ಹೋಗ್ಯಾದ.

ಲಾಡ್ಲೆಸಾಬ: ಕೆಂಪ ಬರ್ತದಲ್ರಿ ಸಾವ್ಕಾರ್ರ! ಮುಂಜಾನಿ ನನ್ನ ಎಲಿ ಅಡಕಿ ಚಂಚಿ ಇಸಕೊಂಡು ನೀವೇ... (ದೌಲತರಾಯರ ಕಣ್ಣು ನೋಡಿ) ಅಲ್ಲಲ್ಲ, ಅದು ಬ್ಯಾರೆ ಸಾವ್ಕಾರ್ರು. ನಾ ಸಿಮೆಂಟ ನೋಡ್ತೇನಿ.

ಗುರುಶಾಂತಮ್ಮ: ಕೊಟಗಿ ಬಿಟ್ಟುಕೊಡೂ ಮುಂದ ಏನ ಮಾತಾಗ್ಯಾದ?

ದೌಲತರಾಯ: ತಂಬಾಕ ಬಿಡ್ತೇನಿ ಅಂತ. ಬಿಟ್ಟೇನಿ.

ಗುರುಶಾಂತಮ್ಮ: ಬಾಯಾಗ ತಂಬಾಕ ಕಂಡ ದಿನಾ ಕೊಟಗಿ ವಾಪಸ್ ಎಮ್ಮಿಗೆ, ಅಂತನೂ ಆಗ್ಯಾದ. ಲಿಂಗಾ ಮುಟ್ಟಿ ಆಣಿ ಮಾಡ್ರಿ ಅಂದ್ರ, ‘ಸಣ್ಣ ಮಾತಿಗೆ ದೇವರಿಗ್ಯಾಕ ತ್ರಾಸು?’ ಅಂತ ಹೋಗಿ ಎಮ್ಮಿ ಬೆನ್ನ ಮುಟ್ಟಿದ್ರಿ.

ದೌಲತರಾಯ: ಈಗೂ ಹೇಳ್ತೇನಿ. ಎಮ್ಮಿ ಆಣಿ, ಬಿಟ್ಟೇನಿ!

ಹೊರಗೆ ಎಮ್ಮೆ ಜೋರಾಗಿ ಸೀನಿತು. ದೌಲತರಾಯರು ಅತ್ತ ನೋಡಲಿಲ್ಲ. ಗುರುಶಾಂತಮ್ಮ ಗೌಂಡಿಯ ಕಡೆ ತಿರುಗಿದರು.

ಗುರುಶಾಂತಮ್ಮ: ಲಾಡ್ಲೆಸಾಬ, ಈ ಕೆಂಪಿಗೆ ಹೊಳಪ ಬರ್ತದೇನು?

ಲಾಡ್ಲೆಸಾಬ: ಹೊಳಪಾ? ಏನ ಕೇಳಿದ್ರಿ ಅವ್ವಾರ! ಕರಣಿಲೆ ತಿಕ್ಕಿ ತಿಕ್ಕಿ, ಒಣಗಿದ ಮ್ಯಾಲ ಮೇಣ ಹಚ್ಚಿ ಅರಿವಿಲೆ ತಿಕ್ಕಿದ್ರ ಕನ್ನಡಿ ಆಗ್ತದ, ಕನ್ನಡಿ. ಅಫಜಲಪುರದಾಗ ಒಬ್ರ ಮನ್ಯಾಗ ಹಾಕೇನಿ, ಅವರ ಅಳಿಯಾ ನೆಲಾ ನೋಡಿ ಮೀಸಿ ತಿರುವ್ತಾನ.

ಗುರುಶಾಂತಮ್ಮ: ಮೀಸಿ ಕಾಣಸ್ತದಾ?

ಲಾಡ್ಲೆಸಾಬ: ಮೀಸ್ಯಾಗ ಅನ್ನದ ಅಗಳ ಇದ್ರ ಅದೂ ಕಾಣಸ್ತದ.

ಗುರುಶಾಂತಮ್ಮ: ಹಂಗಾದ್ರ ಕೆಂಪೇ ಹಾಕು.

ಲಾಡ್ಲೆಸಾಬನ ಕೈಯಿಂದ ಕರಣಿ ಜಾರಿತು.

ದೌಲತರಾಯ: ಏನಂದಿ?

ಗುರುಶಾಂತಮ್ಮ: ಕೆಂಪು ಅಂದೆ. ಗಂಡನ ಮಾತ ಮೀರಿ ನಾ ಎಲ್ಲಿ ಹೋಗಲಿ? ಲಾಡ್ಲೆಸಾಬ, ತಿಕ್ಕೋದರಾಗ ಮಾತ್ರ ಕಸರು ಬಿಡಬ್ಯಾಡ. ತೋಳ ಸೋಲೂತನಕ ತಿಕ್ಕು.

ಹೆಂಡತಿ ಇಷ್ಟು ಸುಲಭವಾಗಿ ಒಪ್ಪಿದರೆ ಗಂಡನಾದವನು ಹೆದರಬೇಕು. ಇದು ಆಳಂದದ ಸಂತೆಯಲ್ಲಿ ಬಳೆ ಮಾರುವವನಿಗೂ ಗೊತ್ತಿರುವ ಮಾತು. ದೌಲತರಾಯರು ಮಾತ್ರ ಗೆದ್ದೆ ಎಂದು ತಿಳಿದು ಸಂಜೆಯವರೆಗೂ ಸಿಳ್ಳೆ ಹಾಕುತ್ತಿದ್ದರು.

ನೆಲ ನೀರು ಕುಡಿಯಿತು, ಒಣಗಿತು, ಮೇಣ ಹಚ್ಚಿಸಿಕೊಂಡಿತು. ಬಾಗಿಲ ಮೇಲೆ ಬೋರ್ಡು ಬಂತು. ಕಾರಖಾನೆ ತೆರೆದ ದಿನವೇ ಒಂದು ಸೈಕಲ್ಲು ರಿಪೇರಿಗೆ ಬಂದಿತ್ತು. ದೌಲತರಾಯರು ಅದನ್ನು ತಲೆಕೆಳಗೆ ನಿಲ್ಲಿಸಿ, ಬಾಗಿಲಿಗೆ ಬೆನ್ನು ಮಾಡಿ, ಬಗ್ಗಿ ಚೈನು ಹಾಕುತ್ತಿದ್ದರು. ತನ್ನ ಕೆಲಸ ನೋಡಿ ಮೆಚ್ಚಿಕೊಳ್ಳಲು ಬಂದ ಲಾಡ್ಲೆಸಾಬ ಗೋಡೆಗೆ ಒರಗಿ ನಿಂತಿದ್ದ. ಗುರುಶಾಂತಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಹೊಸ್ತಿಲಿಗೆ ಬಂದರು.

ಗುರುಶಾಂತಮ್ಮ: ರೀ, ಮಜ್ಜಿಗಿ ತಂದೇನಿ.

ದೌಲತರಾಯ: ಹ್ಞೂಂ.

ಗುರುಶಾಂತಮ್ಮ: ಈ ಕಡಿ ತಿರಗ್ರಿ, ಕುಡೀರಿ.

ದೌಲತರಾಯ: ಹ್ಞೂಂ ಹ್ಞೂಂ. (ಚೈನಿನ ಕಡೆ ಬೆರಳು ತೋರಿಸುತ್ತಾರೆ.)

ಗುರುಶಾಂತಮ್ಮ: ಬ್ಯಾಡ ಬಿಡ್ರಿ, ತಿರಗಬ್ಯಾಡ್ರಿ. ನನಗ ಇಲ್ಲಿಂದೇ ಎಲ್ಲಾ ಕಾಣಸಾಕತ್ತದ. ಬಲಗಡಿ ಗಲ್ಲ ಉಬ್ಬ್ಯಾದ, ತುಟಿ ಕೆಂಪಾಗ್ಯಾವ, ಗದ್ದಕ್ಕ ಒಂದ ಹನಿ ಇಳಿಯಾಕತ್ತದ. ಒರಸಕೋರಿ. ನೆಲದ ಮ್ಯಾಲ ಬಿದ್ರ ಕಾಣಂಗಿಲ್ಲ.

ದೌಲತರಾಯರು ಕೆಳಗೆ ನೋಡಿದರು. ನೆಲದೊಳಗೆ ಇನ್ನೊಬ್ಬ ದೌಲತರಾಯರು ಗಲ್ಲ ಉಬ್ಬಿಸಿಕೊಂಡು ಮೇಲೆ ನೋಡುತ್ತಿದ್ದರು. ಗಾಬರಿಯಲ್ಲಿ ಅಷ್ಟನ್ನೂ ಗುಟುಕ್ಕೆಂದು ನುಂಗಿಬಿಟ್ಟರು.

ದೌಲತರಾಯ: ಎಲ್ಲದ? (ಬಿಕ್ಕಳಿಕೆ) ಬಾಯಾಗ ಏನೂ ಇಲ್ಲ, (ಬಿಕ್ಕಳಿಕೆ) ನೋಡು ಬೇಕಾದ್ರ!

ಗುರುಶಾಂತಮ್ಮ: ಲಾಡ್ಲೆಸಾಬ, ಸೈಕಲ್ ಹೊರಗ ಇಡು. ಎಮ್ಮಿ ಒಳಗ ತಾ.

ದೌಲತರಾಯ: ಬ್ಯಾಡಬೇ! ತೊಗರಿ ಚೀಲಾ ಎಣಿಸಿ ಎಣಿಸಿ ಜೀವ ಸಾಕಾಗ್ಯಾದ. (ಬಿಕ್ಕಳಿಕೆ) ಈ ಸೈಕಲ್ ಗಂಟಿ ಸಪ್ಪಳಾ ಕೇಳಿದ್ರ ಏನೋ ಒಂದ ಹಗುರ ಆಗ್ತದ. ಬೋರ್ಡನೂ ಹಾಕೇನಿ. ಅದನ್ನ ತಗಸಬ್ಯಾಡ.

ಗುರುಶಾಂತಮ್ಮನವರಿಗೆ ಅಯ್ಯೋ ಎನಿಸಿತು. ಬಿಕ್ಕಳಿಸುತ್ತ ನಿಂತ ಗಂಡನನ್ನು ನೋಡಿ ನಗುವೂ ಬಂತು. ಆದರೆ ಮಾತು ಅಂದರೆ ಮಾತು, ಅದೂ ತವರಿನ ಎಮ್ಮೆಯ ಬೆನ್ನು ಮುಟ್ಟಿ ಆಡಿದ್ದು. ಲಾಡ್ಲೆಸಾಬ ಹಗ್ಗ ಹಿಡಿದು ಎಮ್ಮೆಯನ್ನು ಎಳೆದು ತಂದ. ಅದು ಹೊಸ್ತಿಲೊಳಗೆ ಒಂದು ಕಾಲಿಟ್ಟು ಕೆಳಗೆ ನೋಡಿತು. ಕೆಳಗಿನಿಂದ ಕೊಂಬಿನ ಕರಿ ಎಮ್ಮೆಯೊಂದು ಇದನ್ನೇ ದಿಟ್ಟಿಸುತ್ತಿತ್ತು. ಎಮ್ಮೆ ಬುಸ್ಸೆಂದು ಹಿಂದಕ್ಕೆ ಜಗ್ಗಿತು. ಹಗ್ಗ ಬಿಡದ ಲಾಡ್ಲೆಸಾಬ ಒಳಗಿನ ಗೋಡೆಯಿಂದ ಬಾಗಿಲವರೆಗೆ ಕೂತುಕೊಂಡೇ ಜಾರಿ ಬಂದ.

ಲಾಡ್ಲೆಸಾಬ: (ಕೂತಲ್ಲಿಂದಲೇ) ಹೊಳಪ ಅಸಲ್ ಅದ ಅಂತ ನಾ ಮೊದಲೇ ಹೇಳಿರಲಿಲ್ಲೇನ್ರಿ ಅವ್ವಾರ?

ದೌಲತರಾಯ: ನೋಡಿದೇನು! ‘ನನಗ ಕೊಟಗಿ ಬ್ಯಾಡ’ ಅಂತ ಎಮ್ಮಿನೇ ಅನ್ನಾಕತ್ತದ! ಆಣಿ ಮಾಡಿದ್ದು ಅದರ ಮ್ಯಾಲ, ಮಾಫಿ ಕೊಟ್ಟದ್ದೂ ಅದೇ. ಇನ್ನ ಕಾರಖಾನಿ ನಂದೇ!

ಗುರುಶಾಂತಮ್ಮ: ನಿಮ್ಮದೇ, ಯಾರ ಇಲ್ಲಂದ್ರು? ನಡೀರಿ ಹೊರಗ.

ದೌಲತರಾಯ: (ಬಿಕ್ಕಳಿಕೆ) ಎಲ್ಲಿಗೆ?

ಗುರುಶಾಂತಮ್ಮ: ಬೇವಿನ ಗಿಡದ ಕೆಳಗ, ಎಮ್ಮಿ ಬಾಜೂಕ. ಸೈಕಲ್ ರಿಪೇರಿ ಒಳಗ ಮಾಡ್ರಿ, ಬ್ಯಾಡನ್ನಂಗಿಲ್ಲ. ಮೆಲಕ ಹಾಕೋರು ಯಾರೇ ಇರ್ಲಿ, ಅವರ ಜಾಗಾ ಹೊರಗ.