ಫರಾರಿಯಾದ ನಾಯಕ, ತಡೆಹಿಡಿದ ಎರಡನೆಯ ಭಾಗ

ಕುಷ್ಟಗಿ,
ಮಾಘ ಬಹುಳ ಪಂಚಮಿ, ೧೯೪೩

ರೈಲಿನ ಗಡಿನಾಕೆಯಲ್ಲಿ ಕುಳಿತು ನಮ್ಮ ನಿಜಾಮ ಸೀಮೆಯನ್ನು ಪುಸ್ತಕಗಳಿಂದ ಕಾಪಾಡುತ್ತಿರುವ ಅಮೀನ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಇಲ್ಲಿಯ ಅರಿವೆ ವ್ಯಾಪಾರಿ ಕಳಕಪ್ಪನವರ ಹೆಂಡತಿ ಶೇಖರಮ್ಮ ಮಾಡುವ ಅನಂತ ಶರಣಾರ್ಥಿಗಳು. ತಾವೂ ತಮ್ಮ ಮೊಹರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನನ್ನ ಹಿಂದಿನ ಮೂರು ಅರ್ಜಿಗಳು ಸರಕಾರಿ ಉರ್ದುವಿನಲ್ಲಿರದೆ ಕನ್ನಡದಲ್ಲಿವೆ ಎಂಬ ಕಾರಣಕ್ಕೆ ತಾವು ಅವನ್ನು ಓದಲಿಲ್ಲ. ಆದರೆ ಒಂದು ಮಡಿಕೆಯೂ ಕೆಡದಂತೆ ಜೋಪಾನವಾಗಿ ಹಿಂದಿರುಗಿಸಿದ್ದೀರಿ. ಆ ಸೌಜನ್ಯಕ್ಕೆ ಕೃತಜ್ಞತೆ ಸಲ್ಲಿಸಿ, ತಾವು ಓದದಿದ್ದರೂ ಉಳಿದವರಾದರೂ ಓದಲೆಂದು ನಾಲ್ಕನೆಯದನ್ನು ಪತ್ರಿಕೆಗೇ ಕಳುಹಿಸುತ್ತಿದ್ದೇನೆ.

ಗಡಿಯಾಚೆ ಇಂಗ್ಲಿಷರ ಸೀಮೆಯ ಗದಗಿನಲ್ಲಿರುವ ನನ್ನ ತಮ್ಮ ಕರಿಬಸಪ್ಪ ದೀಪಾವಳಿಗೆ ನನಗಾಗಿ ತರುತ್ತಿದ್ದ ಐದು ಪುಸ್ತಕಗಳ ಗಂಟನ್ನು ತಾವು ಬಿಚ್ಚಿಸಿ, ಒಂದು ಐತಿಹಾಸಿಕ ಕಾದಂಬರಿಯ ಎರಡನೆಯ ಭಾಗದಲ್ಲಿ ಕೋಟೆಯ ನಕ್ಷೆ ಕಂಡು, ಲಡಾಯಿಯ ಕಾಲದಲ್ಲಿ ಇದು ಯಾರ ಕೋಟೆ ಎಂದು ಜವಾನ ನೂರಸಾಬನಿಂದ ಕೇಳಿಸಿದಿರಂತೆ. ಮೊದಲ ಭಾಗವನ್ನಷ್ಟೇ ಓದಿದ್ದ ನನ್ನ ತಮ್ಮ, "ಕೆಂಚಣ್ಣನಾಯಕಂದರಿ. ಅಂವ ರಾಣೀನ್ನ ಒಳಗ ಬಿಟ್ಟು ಓಡಿ ಹೋಗ್ಯಾನರಿ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ತಾವು ಅದನ್ನು ಜಬಾನಿ, ಅಂದರೆ ಆರೋಪಿಯ ಹೇಳಿಕೆ ಎಂದು ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿದಿರಿ. ಅವನಿಗೆ ಸಹಿ ಮಾಡಲು ಬರುತ್ತದೆ. ಆದರೆ ಆ ಸಹಿಯೂ ಕನ್ನಡದಲ್ಲಿರುತ್ತದೆಂಬುದು ತಮ್ಮ ಅಡಚಣೆ.

ಎಂಟು ದಿನಕ್ಕೆ ನಮ್ಮೂರಿಗೆ ಸಮನ್ಸು ಬಂತು. ನೂರಸಾಬ ಪೇಟೆಯ ನಡುವೆ ನಿಂತು, "ಕೆಂಚಣ್ಣನಾಯಕ ವಲದ್ ಹಿರೇಕೆಂಚಣ್ಣನಾಯಕ ಹಾಜಿರ್ ಹೈ?" ಎಂದು ತಂದೆಯ ಹೆಸರಿನ ಸಮೇತ ಮೂರು ಸಲ ಕೂಗಿದ. ಯಾರೂ ಓಗೊಡಲಿಲ್ಲ. ಹುಟ್ಟೇ ಇರದ ಮನುಷ್ಯನನ್ನು ಫರಾರಿಯೆಂದು ಸಾರಿ, ಅವನು ಸಿಗುವವರೆಗೆ ಪುಸ್ತಕಗಳನ್ನು ಕಬ್ಜದಲ್ಲಿಡಬೇಕೆಂದು ಹುಕುಂ ಮಾಡಿದ ಅಧಿಕಾರಿ ಇನ್ನೆಲ್ಲಾದರೂ ಇದ್ದಾನೆಯೇ ಎಂದು ನಮ್ಮ ಯಜಮಾನರನ್ನು ಕೇಳಿದೆ. ಅವರು ರುಮಾಲು ಸುತ್ತಿಕೊಂಡು ಅಂಗಡಿಗೆ ಹೋದರು.

ಪುಸ್ತಕಗಳು ಹೇಗೂ ತಮ್ಮ ಬಳಿಯೇ ಇವೆ. ಓದಿನ ಹುಚ್ಚು ಹತ್ತಿ ಅವುಗಳಲ್ಲಿ ನಾಲ್ಕನ್ನು ತವರಿನಲ್ಲೇ ಓದಿದವಳಾಗಿ, ಯಾವುದನ್ನು ಯಾವ ಹೊತ್ತಿಗೆ ಓದಬೇಕೆಂದು ತಿಳಿಸುವುದು ನನ್ನ ಧರ್ಮ. ಊಟವಾದ ಮೇಲೆ ಜೊಂಪು ಹತ್ತುವಾಗ ಅಡುಗೆಯ ಪುಸ್ತಕ ಹಿಡಿಯಿರಿ. ಆದರೆ ಬದನೆಕಾಯಿಯ ಹೊಟ್ಟೆ ಸೀಳಿ ಖಾರ ತುಂಬುವ ಪುಟಕ್ಕೆ ದಯವಿಟ್ಟು ಖೂನಿಯ ಮೊಕದ್ದಮೆ ಹೂಡಬೇಡಿ. ಕೆಲಸವಿಲ್ಲದ ದಿನಗಳಿಗೆ, ಅಂದರೆ ಎಲ್ಲ ದಿನಗಳಿಗೆ, ಪತ್ತೇದಾರಿ ಕತೆ ಒಳ್ಳೆಯದು. ಅದರಲ್ಲಿ ಫೌಜುದಾರನೊಬ್ಬ ನಿಜವಾದ ಕಳ್ಳನನ್ನೇ ಹಿಡಿಯುತ್ತಾನೆ, ನಂಬಲು ತಮಗೆ ತುಸು ಕಷ್ಟವಾದೀತು. ಇತಿಹಾಸಕ್ಕೆ ಹೊಸಬರಾದವರು ಉಪ್ಪಿನ ಹೇರು ಹೊಡೆಯುವ ವ್ಯಾಪಾರಿಯ ಸಣ್ಣ ಕಾದಂಬರಿಯಿಂದ ತೊಡಗಬೇಕು; ಅದರಲ್ಲೂ ಒಬ್ಬ ಸುಂಕದವನು ಬರುತ್ತಾನೆ, ಮೂರನೆಯ ಅಧ್ಯಾಯಕ್ಕೇ ಎಲ್ಲರೂ ಅವನನ್ನು ಮರೆಯುತ್ತಾರೆ. ಆಮೇಲೆ ಕೆರೆ ಕಟ್ಟಿದ ಒಡ್ಡರ ಕತೆ. ಅದರಲ್ಲಿ ಅರಸ ಒಂದೇ ಒಂದು ಸಲ, ಅದೂ ಆನೆಯ ಮೇಲೆ ನಿದ್ದೆ ಮಾಡುತ್ತ ಬಂದು ಹೋಗುತ್ತಾನೆ. ನನಗೆ ಅದರಷ್ಟು ಹಿಡಿಸಿದ ಪುಸ್ತಕ ಇನ್ನೊಂದಿಲ್ಲ, ತವರಿನಲ್ಲಿ ಎರಡು ಸಲ ಓದಿದ್ದೇನೆ.

ಕೊನೆಯದಾಗಿ ಆ ಎರಡನೆಯ ಭಾಗ. ಅದು ನನಗೊಬ್ಬಳಿಗೇ ಬೇಕಾದದ್ದಲ್ಲ. ಮೊದಲ ಭಾಗವನ್ನು ನಾನು ಮಧ್ಯಾಹ್ನಗಳಲ್ಲಿ ಶೇಂಗಾ ಸುಲಿಯುತ್ತ ಕುಳಿತ ಓಣಿಯ ಹೆಂಗಸರಿಗೆ ಓದಿ ಹೇಳಿದೆ. ಪಕ್ಕದ ಮನೆಯ ಅನ್ನಮ್ಮ ಮಾತ್ರ ಸುಲಿಯುವುದನ್ನೇ ಮರೆತು ಕೇಳುತ್ತಿದ್ದಳು. ಅವಳನ್ನು ಕನಕಗಿರಿಯ ಆಚೆಗೆ ಕೊಟ್ಟಿದ್ದಾರೆ. ದೊಡ್ಡ ಮನೆತನ, ಅಲ್ಲಿಯ ಸೊಸೆಯರು ಹೊಸ್ತಿಲು ದಾಟುವುದು ನೀರಿಗೆ ಹೋಗುವಾಗ ಮಾತ್ರ, ಪುಸ್ತಕವಿರಲಿ, ಪಂಚಾಂಗವೂ ಇಲ್ಲ. ಹೋದ ಸೋಮವಾರ ಬಂಡಿ ಹತ್ತುವ ಮುಂಚೆ ನನ್ನ ಕೈ ಹಿಡಿದು, "ಅಕ್ಕಾರ, ರಾಣಿ ಕೋಟಿ ಬಿಟ್ಟು ಹೊರಗ ಬರತಾಳೇನ್ರಿ? ಅದೊಂದು ಹೇಳ್ರಿ, ನಾ ಹೋಗ್ತೀನಿ" ಎಂದಳು. "ಬರತಾಳವ್ವ, ತಾನ ಅಗಳಿ ತೆಗದು ಬರತಾಳ" ಎಂದೆ. ಓದದ ಪುಸ್ತಕದ ಮಾತನ್ನು ನಾನು ಅದಕ್ಕೆ ಮುಂಚೆ ಎಂದೂ ಆಡಿದವಳಲ್ಲ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ, ಇದನ್ನು ತಮಾಷೆಗೆ ಬರೆಯುತ್ತಿಲ್ಲ.

ಅನ್ನಮ್ಮ ಯುಗಾದಿಗೆ ತವರಿಗೆ ಬಂದು ಎರಡು ದಿನ ಇರುತ್ತಾಳೆ. ಅಷ್ಟರೊಳಗೆ ಎರಡನೆಯ ಭಾಗವೊಂದನ್ನಾದರೂ ಬಿಡುಗಡೆ ಮಾಡಬೇಕು. ನಿಯಮ ಅಡ್ಡ ಬಂದರೆ, ನಾಯಕನನ್ನು ಬೇಗ ಹಿಡಿದು, ಹೆಂಡತಿಯನ್ನು ಬಿಟ್ಟು ಓಡಿದ್ದಕ್ಕೆ ನಾಲ್ಕು ಬಾರಿಸಿ, ಮುಂದಿನ ಕತೆಯನ್ನು ಅವನ ಬಾಯಿಂದಲೇ ಬರೆಸಿ ಕಳುಹಿಸಬೇಕು. ಅದೂ ಆಗದಿದ್ದರೆ ರಾಣಿಗೇ ಒಂದು ಸಮನ್ಸು ಕಳುಹಿಸಿ. ಸರಕಾರ ಕರೆದರೆ ಯಾವ ಕೋಟೆಯವರೂ ಬಾಗಿಲು ತೆರೆಯಲೇಬೇಕಲ್ಲವೇ?

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಶೇಖರಮ್ಮ

ತಾ.ಕ.: ಪುಸ್ತಕ ಬಿಡುವ ಮುಂಚೆ, ಕನ್ನಡ ಬಲ್ಲ ಯಾರಿಂದಲಾದರೂ ಕೊನೆಯ ಅಧ್ಯಾಯವನ್ನು ಓದಿಸಿ ಕೇಳಿರಿ. ಅದರಲ್ಲಿ ರಾಣಿ ಹೊರಗೆ ಬಾರದೆ ಒಳಗೇ ಸತ್ತಿದ್ದರೆ, ಆ ಪುಸ್ತಕವನ್ನು ಎಂದೆಂದಿಗೂ ಯಾರ ಕೈಗೂ ಕೊಡಬೇಡಿ. ತಮ್ಮ ಹುದ್ದೆಯಿಂದ ಒಬ್ಬ ಹೆಣ್ಣುಮಗಳಿಗಾದರೂ ಉಪಕಾರವಾಯಿತೆಂದು ನಾನೇ ಇದೇ ಪತ್ರಿಕೆಯಲ್ಲಿ ಬರೆಯುತ್ತೇನೆ.