ಎಲ್ಲರಿಗೂ ಸೇರಿದ ಸ್ಟೋರೇಜ್ ಪೆಟ್ಟಿಗೆಯವರ ಸನ್ನಿಧಿಗೆ

ಮಾನ್ಯರೇ,

ನಮ್ಮ ವಿಡಿಯೋ ಸಂಕಲನ ಕೋಣೆಯಲ್ಲಿ ಫ್ಯಾನು ಮುಲುಗುತ್ತಿರುವಾಗಲೂ, ಯಜಮಾನರ ಗಾಜಿನ ಕೋಣೆಯ ಎ.ಸಿ. ತಂಪಿನಲ್ಲಿ ತಾವು ಹಸಿರು ದೀಪ ಮಿನುಗಿಸುತ್ತ ಕ್ಷೇಮವಾಗಿರುವುದನ್ನು ಹೊರಗಿನಿಂದಲೇ ಕಂಡು, ಕೈಮುಗಿದು, ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ತಾವು ಬರುವ ಮೊದಲು ನಾವು ಅನಾಗರಿಕರಾಗಿದ್ದೆವು. ವಿಡಿಯೋ ತುಂಬಿದ ಡಿಸ್ಕನ್ನು ಕೈಯಲ್ಲಿ ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದೆವು, ನಾಚಿಕೆಯೇ ಇಲ್ಲದೆ ಕೆಲಸವನ್ನೂ ಮುಗಿಸುತ್ತಿದ್ದೆವು. ಸೋಮವಾರ ತಮ್ಮ ಆಗಮನವಾಯಿತು. ಇನ್ನು ಎಲ್ಲವೂ ಒಂದೇ ಕಡೆ, ಎಲ್ಲರಿಗೂ ಎಂದು ಸಾರಿದ ಯಜಮಾನರು ನಮ್ಮ ಡಿಸ್ಕುಗಳಲ್ಲಿದ್ದುದನ್ನೆಲ್ಲ ನೇರವಾಗಿ ತಮ್ಮೊಳಗೆ ಇಳಿಸಿ, ಡಿಸ್ಕುಗಳನ್ನು ಅದೇ ಗಾಜಿನ ಕೋಣೆಯ ಕಪಾಟಿಗೆ ತುಂಬಿ ಬೀಗ ಜಡಿದರು. ನಮ್ಮ ಕಂಪ್ಯೂಟರುಗಳಲ್ಲಿ ಉಳಿದದ್ದು ಒಂದು ಫೋಟೋ ಇಡುವಷ್ಟು ಜಾಗ.

ತಮ್ಮ ನಿಯಮವೂ ಎಷ್ಟು ಘನವಾದದ್ದು! ಆರು ಕಂಪ್ಯೂಟರುಗಳಲ್ಲಿ ಮೊದಲು ಜೋಡಿಸಿಕೊಂಡದ್ದಕ್ಕೆ ಮಾತ್ರ ತಮ್ಮೊಳಗೆ ಬರೆಯುವ ಹಕ್ಕು. ಅದನ್ನು ಆಫ್ ಮಾಡುವವರೆಗೆ ಉಳಿದ ಐದು ಬರೀ ನೋಡುತ್ತಿರಬೇಕು. ಉದ್ಘಾಟನೆ ಹಿರಿಯರ ಕೈಯಿಂದಲೇ ಆಗಲಿ ಎಂದು ಮ್ಯಾನೇಜರು, ಜನ್ಮದಲ್ಲಿ ಒಂದು ದೃಶ್ಯವನ್ನೂ ಕತ್ತರಿಸದ ಯಜಮಾನರ ಕಂಪ್ಯೂಟರನ್ನೇ ಮೊದಲು ಜೋಡಿಸಿದರು. ಅವರು ಗುಂಡಿ ಒತ್ತಿದರು, ನಾವು ಚಪ್ಪಾಳೆ ತಟ್ಟಿದೆವು. ಕಂಪ್ಯೂಟರನ್ನು ಆಫ್ ಮಾಡದೆ ಹಾಗೆಯೇ ಬಿಟ್ಟು, ಗಾಜಿನ ಕೋಣೆಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ ಅವರು ವಾರದ ಪ್ರವಾಸಕ್ಕೆ ಹೊರಟೇ ಬಿಟ್ಟರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನೇ ಎಂಬುದು ಈಗಲೂ ಹೊಟ್ಟೆ ಉರಿಸುತ್ತದೆ.

ಏಕೆಂದರೆ ಗುರುವಾರ ನಾಲ್ಕು ಗಂಟೆಗೆ ನನ್ನ ಅಕ್ಕನ ಬೀಳ್ಕೊಡುಗೆಯಿತ್ತು. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅವಳ ವಾರ್ಡಿನಲ್ಲಿ ನಾನೇ ತಿಂಗಳುಗಟ್ಟಲೆ ಚಿತ್ರೀಕರಿಸಿದ ಹತ್ತು ನಿಮಿಷದ ಚಿತ್ರ ಅಂದು ತೆರೆಯ ಮೇಲೆ ಬರಬೇಕಿತ್ತು. ದೃಶ್ಯಗಳೆಲ್ಲ ತಮ್ಮ ಹೊಟ್ಟೆಯಲ್ಲಿದ್ದವು. ಅವಳು ನಗುವುದನ್ನು, ಚಾದರ ಮಡಿಸುವುದನ್ನು, ಕ್ಯಾಮೆರಾ ಕಂಡು ಗದರುವುದನ್ನು ಎಷ್ಟು ಬೇಕಾದರೂ ನೋಡಲು ತಾವು ಅನುಮತಿಸಿದಿರಿ, ಜೋಡಿಸಿ ಉಳಿಸಲು ಮಾತ್ರ ಬಿಡಲಿಲ್ಲ. ಯಜಮಾನರಿಗೆ ಫೋನ್ ಮಾಡಿದರೆ, "ಹೊಸದು ಕಣ್ರೀ, ಯಾರೂ ಮುಟ್ಬೇಡಿ, ನಾನ್ ಬಂದ್ಮೇಲೆ ನೋಡೋಣ" ಎಂದರು.

ಖಾಲಿ ಕೈಯಲ್ಲಿ ಹೋದೆ. ಬಿಳಿ ತೆರೆಯನ್ನು ಸುತ್ತಿಟ್ಟು ಭಾಷಣ ಶುರು ಮಾಡಿದರು. ಮುಗಿದ ಮೇಲೆ ಅಕ್ಕ ನನ್ನ ಹತ್ತಿರ ಬಂದು, "ನನ್ ಮುಖ ನಾನೇನ್ ನೋಡೋದು ಬಿಡೋ, ನೀನು ಮಾಡೋ ಕೆಲಸ ಒಂದ್ಸಲ ನೋಡ್ಬೇಕಿತ್ತು" ಎಂದಳು.

ಆದ್ದರಿಂದ ಪ್ರಾರ್ಥನೆ: ದಯವಿಟ್ಟು ಆ ಗುರುವಾರದ ಮಧ್ಯಾಹ್ನವನ್ನು ಹುಡುಕಿ ಹಿಂದಿರುಗಿಸಬೇಕು. ಅಷ್ಟೆಲ್ಲ ಜಾಗವಿರುವ ತಮಗೆ ಅದೇನು ಮಹಾ.

ನೋಡಲಷ್ಟೇ ಅರ್ಹನಾದ,
ತಮ್ಮ ವಿಶ್ವಾಸಿ,
ಮೂರನೆಯ ಮೇಜಿನ ಸಂಕಲನಕಾರ

ತಾ.ಕ.: ಯಜಮಾನರು ಮರಳಿ ಬೀಗ ತೆರೆದಾಗ, ಅವರ ಕಂಪ್ಯೂಟರು ಇಡೀ ವಾರ ಏನು ಬರೆಯುತ್ತಿತ್ತೆಂದು ಇಣುಕಿ ನೋಡಿದೆ. 'ಹೆಸರಿಲ್ಲದ್ದು ೧' ಎಂಬ ಕಡತ, ಒಳಗೆ ಒಂದು ಚಿತ್ರವೂ ಇಲ್ಲ. ಅದನ್ನು ತಾವು ಐದೈದು ನಿಮಿಷಕ್ಕೊಮ್ಮೆ, ಒಮ್ಮೆಯೂ ತಪ್ಪದೆ, ಜೋಪಾನವಾಗಿ ಉಳಿಸಿದ್ದೀರಿ.